ಕೊಟ್ಟಿಗೆಯ ಗಂಜಿ ಯಾರ ಪಾಲು?

ಸ್ವೀಡನ್ನಿನ ರೈತರು ಅವನನ್ನು ಟೊಮ್ಟೆ ಎಂದರು. ನಾರ್ವೆ, ಡೆನ್ಮಾರ್ಕುಗಳಲ್ಲಿ ಅವನು ನಿಸ್ಸೆ. ಮಗುವಿನಷ್ಟು ಎತ್ತರ, ಮುದುಕನ ಮುಖ, ಬೂದು ಬಟ್ಟೆ, ಕೆಂಪು ಟೊಪ್ಪಿಗೆ. ಮನೆಯವರೆಲ್ಲ ಮಲಗಿದ ಮೇಲೆ ಕುದುರೆಗೆ ಮೇವು ಹಾಕುತ್ತಾನೆ, ದನಗಳನ್ನು ಕಾಯುತ್ತಾನೆ. ಇದಕ್ಕೆಲ್ಲ ಕೂಲಿ ಎಂದರೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಕೊಟ್ಟಿಗೆಯಲ್ಲಿಡುವ ಒಂದು ಬಟ್ಟಲು ಗಂಜಿ, ಅದರ ಮೇಲೊಂದು ಮುದ್ದೆ ಬೆಣ್ಣೆ.

ಒಮ್ಮೆ ಬೆಣ್ಣೆ ಕಾಣಲಿಲ್ಲವೆಂದು ಸಿಟ್ಟಾದ ನಿಸ್ಸೆ ಮನೆಯ ಒಳ್ಳೆಯ ಹಸುವನ್ನೇ ಕೊಂದನಂತೆ. ಆಮೇಲೆ ಗಂಜಿ ಉಂಡು ನೋಡಿದರೆ ಬೆಣ್ಣೆ ತಳದಲ್ಲಿತ್ತು! ನೊಂದುಕೊಂಡು, ಅಂಥದೇ ಹಸುವೊಂದನ್ನು ನೆರೆಯವನ ಕೊಟ್ಟಿಗೆಯಿಂದ ತಂದು ಕಟ್ಟಿದ. ನೆರೆಯವನ ಗತಿಯೇನಾಯಿತೆಂದು ಕಥೆ ವಿಚಾರಿಸುವುದಿಲ್ಲ. ಕಾವಲು ದೈವದ ನ್ಯಾಯ ತನ್ನ ಬೇಲಿಯೊಳಗೇ ಮುಗಿಯುತ್ತದೆ.

14ನೇ ಶತಮಾನದಲ್ಲೇ ಸ್ವೀಡನ್ನಿನ ಸಂತ ಬಿರ್ಗಿಟ್ಟಾ ಮನೆದೈವಗಳ ಈ ಆರಾಧನೆಯನ್ನು ಖಂಡಿಸಿದ್ದಳು. ಅವಳ ತಕರಾರು ಪೂಜೆ ಯಾರಿಗೆ ಸಲ್ಲಬೇಕೆಂಬುದು. ನನ್ನದು ಬೇರೆ. ನಿಸ್ಸೆ ಇಲ್ಲವೆಂದು ಹೇಳಲು ಹೆಚ್ಚು ಬುದ್ಧಿ ಬೇಕಿಲ್ಲ; ಇಲ್ಲದವನು ಯಾರ ಕೆಲಸಕ್ಕೆ ಬಂದ ಎಂದು ಕೇಳಬೇಕು.

ನಾರ್ವೆಯ ಒಂದು ಕಥೆಯಲ್ಲಿ ಮನೆಯ ಹೆಣ್ಣಾಳು ನಿಸ್ಸೆಯ ಗಂಜಿಯನ್ನು ತಾನೇ ತಿನ್ನುತ್ತಾಳೆ. ನಿಸ್ಸೆ ಅವಳನ್ನು ಹಿಡಿದು, ಜೀವ ಹೋಗುವಂತಾಗುವವರೆಗೆ ಕುಣಿಸುತ್ತಾನೆ. ಸ್ವೀಡನ್ನಿನ ಇನ್ನೊಂದರಲ್ಲಿ, ಹಿಟ್ಟು ಜರಡಿ ಹಿಡಿಯುತ್ತಿದ್ದ ಟೊಮ್ಟೆಗೆ ಯಜಮಾನಿ ಹೊಸ ಬಟ್ಟೆ ಹೊಲಿಸಿಕೊಡುತ್ತಾಳೆ. ತೊಟ್ಟದ್ದೇ ತಡ, ಇಷ್ಟು ಚೆಂದದ ಬಟ್ಟೆಗೆ ಹಿಟ್ಟು ಮೆತ್ತಿಕೊಳ್ಳಲಾರೆನೆಂದು ಅವನು ಕೆಲಸ ಬಿಡುತ್ತಾನೆ. ಇವನ್ನು ಆಳುಗಳೂ ಹೇಳಿ ನಕ್ಕಿರಬಹುದು. ಆದರೂ ಒಂದು ಕಥೆ ಹಸಿದವಳನ್ನು ಹೆದರಿಸುತ್ತದೆ, ಇನ್ನೊಂದು ಆಳಿಗೆ ಒಳ್ಳೆಯದನ್ನು ಕೊಟ್ಟರೆ ಕೆಡುತ್ತಾನೆ ಎನ್ನುತ್ತದೆ. ಎರಡೂ ಒಡೆಯನಿಗೆ ಒಪ್ಪುವ ಮಾತುಗಳೇ.

ಚಳಿಗಾಲದ ನಸುಕಿನಲ್ಲಿ ನಿಜವಾಗಿ ಸಗಣಿ ಬಾಚಿದವರು, ಹಾಲು ಕರೆದವರು ಆಳುಗಳು. ಕುದುರೆ ಮಿರುಗಿದರೆ ಹೊಗಳಿಕೆ ಟೊಮ್ಟೆಗೆ ಹೋಗುತ್ತಿತ್ತು. ಸ್ವೀಡನ್ನಿನ ಆಳುಗಳ ಕಾನೂನು ಒಡೆಯನಿಗೆ ಹೊಡೆಯುವ ಹಕ್ಕನ್ನೂ ಕೊಟ್ಟಿತ್ತು. 1858ರಲ್ಲಿ ವಯಸ್ಕ ಆಳುಗಳ ಮೇಲಿನ ಆ ಹಕ್ಕು ಹೋಯಿತು. ಎಳೆಯರಿಗೆ ಆ ರಕ್ಷಣೆ ಸಿಗಲಿಲ್ಲ. ಕಾಣದ ಕುಳ್ಳನನ್ನು ನೋಯಿಸಲು ಹೆದರುತ್ತಿದ್ದ ಮನೆಗಳಲ್ಲೇ ಕಣ್ಣೆದುರಿನ ಹುಡುಗನ ಬೆನ್ನಿಗೆ ಬಾರುಕೋಲು ಬೀಳಬಹುದಾಗಿತ್ತು.

ದನಕ್ಕೆ ಹೊಡೆದರೆ ನಿಸ್ಸೆ ಮುನಿಯುತ್ತಾನೆಂಬ ಭಯದಿಂದ ಎಷ್ಟೋ ದನಕರುಗಳು ಪೆಟ್ಟು ತಪ್ಪಿಸಿಕೊಂಡಿರಬೇಕು. ಅದು ಸಣ್ಣ ಲಾಭವಲ್ಲ. ಆದರೆ ನೋವು ದನದ್ದು, ಲೆಕ್ಕಕ್ಕೆ ಬಂದದ್ದು ದೈವದ ಮುನಿಸು.

1881ರಲ್ಲಿ ವಿಕ್ಟರ್ ರೀಡ್‌ಬೆರಿಯ ಕವಿತೆ, ಜೆನ್ನಿ ನೀಸ್ಟ್ರೋಮ್‌ಳ ಚಿತ್ರಗಳು ಟೊಮ್ಟೆಯನ್ನು ಸೌಮ್ಯ ಮುದುಕನನ್ನಾಗಿಸಿದವು. ಮುಂದೆ ಅವನು ಕ್ರಿಸ್‌ಮಸ್ ಕಾರ್ಡು ಸೇರಿದ, ಉಡುಗೊರೆ ಹಂಚತೊಡಗಿದ. ಆಳುಗಳ ಕಾನೂನು ಪೂರ್ತಿ ರದ್ದಾದದ್ದು 1926ರಲ್ಲಿ. ಅದನ್ನು ತೆಗೆದುಹಾಕಿದ್ದು ಸ್ವೀಡನ್ನಿನ ಸಂಸತ್ತು.