ಎಲ್ಲಿ ಬೀಳುತ್ತದೆ?

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನೋಡಲು ಅಷ್ಟೇನೂ ಚೆಂದವಿಲ್ಲದ ಒಂದು ವಸ್ತುವಿದೆ. ತುಕ್ಕು ತಿಂದ, ಒಂದು ಗೇಣಿಗಿಂತ ತುಸು ಉದ್ದದ ಕಬ್ಬಿಣದ ಕೊಳವೆ. 2018ರ ಜುಲೈಯಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಪುರಾತತ್ವ ಇಲಾಖೆಯವರು ಒಂದು ಹಾಳುಬಾವಿಯ ಕೆಸರು ತೆಗೆಸಿದಾಗ ಇಂತಹವು ಸಾವಿರಕ್ಕೂ ಹೆಚ್ಚು ದೊರೆತವು. 2002ರಲ್ಲೂ ನಗರದಲ್ಲಿ ಇಂತಹವೇ ಸಿಕ್ಕಿದ್ದವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟು, ಅಲ್ಲಿ ಟಂಕಸಾಲೆಯನ್ನೂ ದೊಡ್ಡದೊಂದು ಶಸ್ತ್ರಾಗಾರವನ್ನೂ ನಡೆಸಿದ್ದ. ಬಾವಿಯಲ್ಲಿ ಸಿಕ್ಕಿದ್ದು ಹೈದರ್-ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳು.

ಈ ಕೊಳವೆಗಳ ಮುಂದೆ ನಿಂತವರಲ್ಲಿ ಕೆಲವರು ಎದೆಯುಬ್ಬಿಸುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಟಿಪ್ಪುವಿನ ಹೆಸರು ಬಂದರೆ ನಮ್ಮ ನಾಡಿನಲ್ಲಿ ಈಗ ಇವೆರಡೇ ದಾರಿ. ನಾವು ಆ ಜಗಳಕ್ಕೆ ಇಲ್ಲಿ ಹೋಗುವುದಿಲ್ಲ. ಕಬ್ಬಿಣವನ್ನು ಬಡಿದು ಮೆತ್ತಗೆ ಮಾಡಿ ಕೊಳವೆ ಸುತ್ತಿದ ಕಮ್ಮಾರನ ಹೆಸರು ಹೊಗಳುವವರಿಗೂ ಗೊತ್ತಿಲ್ಲ, ತೆಗಳುವವರಿಗೂ ಗೊತ್ತಿಲ್ಲ. ಅಸಲು ಸಾಧನೆ ಅವನದು. ಬೇರೆಡೆ ಕಾಗದದ, ಬಿದಿರಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿ ಕಬ್ಬಿಣ ಬಂತು. ಕಬ್ಬಿಣ ಹೆಚ್ಚಿನ ಒತ್ತಡ ತಾಳುತ್ತದೆ, ಮದ್ದನ್ನು ಗಟ್ಟಿಯಾಗಿ ಇಡಿಯಬಹುದು, ರಾಕೆಟ್ ದೂರ ಹೋಗುತ್ತದೆ. 1799ರ ನಂತರ ಬ್ರಿಟಿಷರು ಇವನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ್ದು ಇವುಗಳ ಬೆನ್ನಿಗೇ. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಫಿರಂಗಿಗಳ ಜೊತೆ ಆ ರಾಕೆಟ್‌ಗಳನ್ನೂ ಕೋಪನ್‌ಹೇಗನ್ ನಗರದ ಮೇಲೆ ಹಾರಿಸಿದರು. ಮನೆಗಳು ಉರಿದವು, ಯುದ್ಧಕ್ಕೂ ತಮಗೂ ಸಂಬಂಧವಿಲ್ಲದ ಜನ ಸತ್ತರು. ಮೈಸೂರು ಸೀಮೆಯ ಯಾವುದೋ ಕುಲುಮೆಯಲ್ಲಿ ಹುಟ್ಟಿದ ಒಂದು ಯುಕ್ತಿ ಅಲ್ಲಿಯವರೆಗೆ ಹೋಗಿ ಬಿತ್ತು. ಅದನ್ನು ಯೋಚಿಸಿದವನಿಗೆ ಅದು ತಿಳಿಯಲೇ ಇಲ್ಲ.

ಈ ವಿಚಾರ ನಮ್ಮ ತಲೆಗೆ ಹೊಕ್ಕಿದ್ದು ಭದ್ರಾವತಿಯ ಒಂದು ಮನೆಯಲ್ಲಿ. ಆ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಾನೆ. ಏಳೆಂಟು ಗೆಳೆಯರೊಡನೆ ಸೇರಿ ವಿದ್ಯಾರ್ಥಿಗಳ ರಾಕೆಟ್ ಸ್ಪರ್ಧೆಗೆ ತಯಾರಿ ನಡೆಸಿದ್ದಾನೆ. ತಂದೆ ಜೀವಮಾನವಿಡೀ ಲೇತ್ ನಡೆಸಿ ನಿವೃತ್ತರಾದವರು. ತಾಯಿ ಚಹಾ ತಂದಿಟ್ಟು, ಮಗ ಒಳಗೆ ಹೋದ ಹೊತ್ತು ನೋಡಿ, ದನಿ ತಗ್ಗಿಸಿ ನಮ್ಮೊಡನೆ ಹೇಳಿದರು: "ಭಾಯ್‌ಸಾಬ್, ನೀವಾದರೂ ಒಂದು ಮಾತು ಹೇಳಿ. ಬೇರೆಯವರ ಮಕ್ಕಳು ಮದ್ದು ಮುಟ್ಟಿದರೆ ಓದು ಅಂತಾರೆ. ನಮ್ಮ ಮಕ್ಕಳು ಮುಟ್ಟಿದರೆ ಏನಂತಾರೆ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಧೈರ್ಯ ಹೇಳುವುದು ಸುಲಭ. ಕಲಾಂ ಅವರ ಹೆಸರು ತೆಗೆಯುವುದು ಇನ್ನೂ ಸುಲಭ. ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರವನ್ನು ಕಂಡು ಬೆರಗಾದುದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಎಷ್ಟು ಸಭೆಗಳಲ್ಲಿ ಎಷ್ಟು ಜನ ಹೇಳಿಲ್ಲ! ಆದರೆ ಆ ತಾಯಿಯ ಭಯ ಸಭೆಯ ಮಾತಿಗೆ ಹೋಗುವಂತಹದ್ದಲ್ಲ. ಶಿವಮೊಗ್ಗದವರಿಗೆ ಮದ್ದಿನ ಮಾತೆಂದರೆ ಪುಸ್ತಕದ ಮಾತೂ ಅಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಜಿಲೆಟಿನ್ ಸ್ಫೋಟಿಸಿದಾಗ ಊರಿಗೆ ಊರೇ ಭೂಕಂಪವೆಂದು ಬೀದಿಗೆ ಬಂದಿತ್ತು. ಕಾರ್ಮಿಕರ ದೇಹಗಳು ಛಿದ್ರವಾಗಿದ್ದವು.

ಹುಡುಗ ತನ್ನ ಲ್ಯಾಪ್‌ಟಾಪ್ ತಂದು ಸ್ಪರ್ಧೆಯ ವಿಷಯ ವಿವರಿಸತೊಡಗಿದ. ನಮ್ಮ ದೇಶದಲ್ಲಿ ಇನ್-ಸ್ಪೇಸ್ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ನಡೆಸಿತು. ಅಮೆರಿಕದಲ್ಲಿ 2006ರಿಂದ ಅಂತರ ಕಾಲೇಜು ಸ್ಪರ್ಧೆಯೊಂದಿದೆ. ಹಲವು ವರ್ಷ ಅದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆಯಿತು, 2025ರಲ್ಲಿ ಟೆಕ್ಸಾಸ್‌ಗೆ ಹೋಯಿತು. ಮಣಿಪಾಲದ ಥ್ರಸ್ಟ್‌ಎಂಐಟಿ ತಂಡದ ವಿದ್ಯಾರ್ಥಿಗಳು ಆ ಸ್ಪರ್ಧೆಗೆ ಹೋಗಿ ಬಂದವರು. ಅತಿ ಎತ್ತರಕ್ಕೆ ಹಾರಿದವರೇ ಗೆಲ್ಲುತ್ತಾರೆಂದು ನಾವು ಭಾವಿಸಿದ್ದೆವು. ಹಾಗಲ್ಲವಂತೆ. ಹತ್ತು ಸಾವಿರ ಅಡಿಯ ವಿಭಾಗಕ್ಕೆ ಹೆಸರು ಕೊಟ್ಟವರು ಹತ್ತು ಸಾವಿರ ಅಡಿಯನ್ನೇ ಮುಟ್ಟಬೇಕು. ಹನ್ನೆರಡು ಸಾವಿರಕ್ಕೆ ಹೋದರೆ ಶಹಬಾಸ್‌ಗಿರಿ ಇಲ್ಲ, ಅಂಕ ಕಳೆಯುತ್ತಾರೆ. 2018ರ ಸುಮಾರಿನ ನಿಯಮದಲ್ಲಿ ಸಾವಿರ ಅಂಕಗಳ ಪೈಕಿ 350 ಅಂಕ ಹೇಳಿದ ಎತ್ತರಕ್ಕೆ ಎಷ್ಟು ಹತ್ತಿರ ಹೋದಿರಿ ಎಂಬುದಕ್ಕೆ, 150 ಅಂಕ ರಾಕೆಟ್ ಕ್ಷೇಮವಾಗಿ ಕೆಳಗಿಳಿಯುವುದಕ್ಕೆ. ಉಳಿದದ್ದು ವಿನ್ಯಾಸಕ್ಕೆ, ಮೊದಲೇ ಬರೆದುಕೊಡಬೇಕಾದ ವರದಿಗಳಿಗೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಇಳಿಯುವ ಭಾಗ. ರಾಕೆಟ್ ತುದಿ ಮುಟ್ಟಿದ ಕ್ಷಣದಲ್ಲಿ ಗಾಳಿಯ ಒತ್ತಡ ಅಳೆಯುವ ಪುಟ್ಟ ಯಂತ್ರ ಅದನ್ನು ಗುರುತಿಸಬೇಕು. ಆಗ ಸಣ್ಣ ಪ್ಯಾರಾಚೂಟ್, ನೆಲ ಹತ್ತಿರವಾದಾಗ ದೊಡ್ಡದು. ಯಂತ್ರ ಒಂದಿದ್ದರೆ ಸಾಲದು, ಒಂದು ಕೈಕೊಟ್ಟರೆ ಇನ್ನೊಂದಿರಬೇಕು. ಪ್ಯಾರಾಚೂಟನ್ನು ಹೊರಗೆ ತಳ್ಳಲು ಏನು ಬಳಸುತ್ತೀರಿ ಎಂದು ಕೇಳಿದೆವು. ಹುಡುಗ ನಕ್ಕ. "ಕರಿಮದ್ದು, ಚಾಚಾ. ಕೆಲವೇ ಗ್ರಾಂ." ಪೆಟ್ಲುಪ್ಪು, ಇದ್ದಿಲು, ಗಂಧಕ. ನಗರದ ಬಾವಿಯೊಳಗಿನ ಕೊಳವೆಗಳಲ್ಲಿದ್ದ ಮದ್ದಿನ ಜಾತಿಯೇ. ಅಲ್ಲಿ ಅದಿದ್ದುದು ಶತ್ರುವಿನ ಕಡೆಗೆ ಹಾರಲು, ಇಲ್ಲಿರುವುದು ಯಾರ ತಲೆಯ ಮೇಲೂ ಬೀಳದಂತೆ ಇಳಿಯಲು.

ಆಯುಧದ ರಾಕೆಟ್‌ಗೆ ಇಳಿಯುವ ಚಿಂತೆಯಿಲ್ಲ. ಬೀಳುವುದೇ ಅದರ ಕೆಲಸ. ಅದನ್ನು ಹಾರಿಸಿದವನು ಅದು ಎಲ್ಲಿ, ಯಾರ ಮೇಲೆ ಬಿತ್ತೆಂದು ಹೋಗಿ ನೋಡುವುದಿಲ್ಲ. ಮೈಸೂರಿನ ರಾಕೆಟ್‌ಗಳನ್ನು ಸಾಲುಸಾಲಾಗಿ ಹಾರಿಸುತ್ತಿದ್ದುದು ಅವುಗಳ ಗುರಿ ನೆಚ್ಚುವಂತಿರಲಿಲ್ಲ ಎಂಬ ಕಾರಣಕ್ಕೂ ಹೌದು. ವಿದ್ಯಾರ್ಥಿಗಳ ನಿಯಮ ಇದಕ್ಕೆ ತೀರ ಉಲ್ಟಾ. ಹಾರಿಸುವ ಮೊದಲೇ ಎಷ್ಟು ಎತ್ತರ, ಎಷ್ಟು ಗ್ರಾಂ ಮದ್ದು, ಎಷ್ಟು ಗಾಳಿಯಿದ್ದರೆ ಹಾರಿಸುವುದಿಲ್ಲ ಎಂದು ಬರೆದುಕೊಡಬೇಕು. ಹಾರಿದ ಮೇಲೆ ಹೋಗಿ ಹುಡುಕಿ ತಂದು ತೋರಿಸಬೇಕು. ಇದು ತಾಂತ್ರಿಕ ನಿಯಮವೆಂದು ಕಂಡರೂ ನಮಗೆ ಒಂದು ನೈತಿಕ ಶಿಸ್ತಾಗಿಯೇ ತೋರಿತು. ಮಾಡಿದ ಮೇಲೆ ಲೆಕ್ಕ ಕೊಡುವವರು ನಮ್ಮ ಸಾರ್ವಜನಿಕ ಜೀವನದಲ್ಲೇ ಕಡಿಮೆ. ಮಾಡುವ ಮೊದಲು ಲೆಕ್ಕ ಕೊಡುವವರು ಇನ್ನೆಷ್ಟು?

ಆದರೆ ಇಷ್ಟಕ್ಕೇ ಸಮಾಧಾನ ಪಟ್ಟುಕೊಂಡರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಉಪಗ್ರಹ ಹೊತ್ತೊಯ್ಯಲು ಕಟ್ಟಿದ ಎಸ್‌ಎಲ್‌ವಿ-3 ಯಶಸ್ವಿಯಾದದ್ದು 1980ರಲ್ಲಿ. ಅದರ ಮೊದಲ ಹಂತವೇ 1989ರಲ್ಲಿ ಹಾರಿದ ಅಗ್ನಿ ಕ್ಷಿಪಣಿಯ ಮೊದಲ ಹಂತವಾಯಿತು. ಎರಡರ ಹಿಂದೆಯೂ ಇದ್ದದ್ದು ಅದೇ ಕಲಾಂ. ಈ ಹುಡುಗ ಇಂದು ಕಲಿತ ವಿದ್ಯೆ ನಾಳೆ ಎಲ್ಲಿಗೆ ಹೋಗುತ್ತದೆಂದು ಅವನೂ ಬರೆದುಕೊಡಲಾರ. ಸ್ಪರ್ಧೆಯ ನಿಯಮ ಆ ರಾಕೆಟ್‌ಗೆ ಮಾತ್ರ ಅನ್ವಯ, ಆ ಬುದ್ಧಿಗಲ್ಲ. ವಿದ್ಯೆ ತಾನಾಗಿ ನಿರಪರಾಧಿ, ಬಳಸುವವನದೇ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಹಾಗೆಂದು ಕಲಿಯಬೇಡ ಎನ್ನಲೂ ಬಾಯಿ ಬರುವುದಿಲ್ಲ. ಎಲ್ಲಿ ಬೀಳುತ್ತದೆ ಎಂದು ಕೇಳುವ ಅಭ್ಯಾಸ ಇಪ್ಪತ್ತರ ವಯಸ್ಸಿನಲ್ಲಿ ಬಿದ್ದರೆ ನಲವತ್ತರಲ್ಲಿ ಪೂರ್ತಿ ಬಿಟ್ಟುಹೋಗಲಿಕ್ಕಿಲ್ಲ ಎಂಬ ಆಸೆ ಮಾತ್ರ ನಮ್ಮದು.

ತಾಯಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಬ್ಬರ ಮಗ ತಾನು ನಿರಪರಾಧಿಯೆಂದು ಹೆಜ್ಜೆಹೆಜ್ಜೆಗೂ ರುಜುವಾತು ಮಾಡಬೇಕು, ಇನ್ನೊಬ್ಬರ ಮಗನನ್ನು ಯಾರೂ ಕೇಳುವುದೇ ಇಲ್ಲ ಎಂಬುದು ಅನ್ಯಾಯ. ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಆ ಸ್ಪರ್ಧೆಯ ಮೈದಾನದಲ್ಲಿ ಎಲ್ಲ ತಂಡಗಳಿಗೂ ಒಂದೇ ನಮೂನೆ, ಒಂದೇ ತಕ್ಕಡಿ. ಅಲ್ಲಿ ಅವನ ಮದ್ದನ್ನು ತೂಗುತ್ತಾರೆ, ಅವನ ಹೆಸರನ್ನಲ್ಲ. ಅಂತಹ ಜಾಗಗಳು ಹೆಚ್ಚಿಲ್ಲ. ಇರುವ ಒಂದನ್ನು ಭಯದಿಂದ ಬಿಟ್ಟುಕೊಡುವುದು ಸರಿಯೇ? ಮದ್ದನ್ನು ಪರವಾನಗಿ ಇದ್ದವರ ಕೈಯಿಂದಲೇ, ಕಾಲೇಜಿನ ಮೂಲಕವೇ ಪಡೆಯಲಿ, ಮನೆಗೆ ಒಂದು ಚಿಟಿಕೆಯೂ ಬರದಿರಲಿ ಎಂದು ನಾವು ಹುಡುಗನಿಗೆ ಹೇಳಿದೆವು. ಅದು ಎಲ್ಲ ತಂಡಗಳಿಗೂ ಇರುವ ನಿಯಮವೇ ಎಂದ ಅವನು.

ಇಷ್ಟು ಹೊತ್ತೂ ಸುಮ್ಮನಿದ್ದ ತಂದೆ ಆಗ ಬಾಯಿಬಿಟ್ಟರು. ಅವರಿಗೆ ಮದ್ದಿಗಿಂತ ನಾಜಲ್‌ನದೇ ತಕರಾರು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರೊಬ್ಬರ ಲೇತ್‌ನಲ್ಲಿ ಅದನ್ನು ಮಾಡಿಸುವುದೆಂದು ತೀರ್ಮಾನವಾಗಿತ್ತು. ಮಗ ತಂದ ನಕ್ಷೆಯಲ್ಲಿ ಅಳತೆಯಿತ್ತು, ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬುದಿರಲಿಲ್ಲ, ಬರೆದವರ ಸಹಿಯೂ ಇರಲಿಲ್ಲ. 1923ರಲ್ಲಿ ಕಬ್ಬಿಣ ಹರಿಸತೊಡಗಿ 2023ರಲ್ಲಿ ಮುಚ್ಚುವ ನಿರ್ಧಾರದ ಸುದ್ದಿಗೆ ಬೀದಿಗಿಳಿದ ಊರು ಭದ್ರಾವತಿ. ಆ ಊರಿನ ಕೆಲಸಗಾರರಿಗೆ ಇಂತಹ ಕಾಗದ ಕಂಡರೆ ಆಗುವುದಿಲ್ಲ. "ಸಹಿ ಇಲ್ಲದ ನಕ್ಷೆಗೆ ನಾನು ಯಾವತ್ತೂ ಕಬ್ಬಿಣ ಕೊಯ್ದಿಲ್ಲ. ಬರೆದು, ಹೆಸರು ಹಾಕಿ ತಾ" ಎಂದರು.

ಹುಡುಗ ಮುಖ ಸಣ್ಣದು ಮಾಡಿಕೊಂಡು ಪೆನ್ನು ಹುಡುಕಿದ. ತಾಯಿ ಲೋಟಗಳನ್ನು ಎತ್ತಿಕೊಂಡು ಹೋಗುತ್ತಾ ಬಾಗಿಲಲ್ಲಿ ನಿಂತು ಕೇಳಿದರು: "ಎಲ್ಲಾ ಸರಿ. ಗಾಳಿ ಜಾಸ್ತಿ ಇದ್ದರೆ ಅದು ಎಲ್ಲಿ ಬೀಳುತ್ತೆ?"

ಹುಡುಗ ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದ. ಅವರು ಲೋಟಗಳನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವನ ಪಕ್ಕ ಕುಳಿತರು.