ನಾಳೆಯ ಮೀನು ಯಾರದು?

ಮೀನುಗಾರಿಕೆಯ ಶಾಸ್ತ್ರದಲ್ಲಿ ‘ಪ್ರಯತ್ನ’ ಎಂದರೆ ಎಷ್ಟು ದೋಣಿಗಳು, ಎಂಥ ಬಲೆಯೊಡನೆ, ಎಷ್ಟು ಬಲದ ಎಂಜಿನ್ನಿನಿಂದ, ಎಷ್ಟು ದಿನ ಕಡಲಿನಲ್ಲಿ ದುಡಿದವು ಎಂಬುದರ ಒಟ್ಟು ಅಳತೆ. ವರ್ಷವರ್ಷವೂ ಸಂತತಿ ಕುಗ್ಗದಂತೆ ಹಿಡಿಯಬಹುದಾದ ಗರಿಷ್ಠ ತೂಕವನ್ನು ಜೀವಶಾಸ್ತ್ರ ಲೆಕ್ಕ ಹಾಕಿದರೆ, ಖರ್ಚು ಕಳೆದು ಉಳಿಯುವ ಲಾಭವನ್ನು ಎಣಿಸುವ ಅರ್ಥಶಾಸ್ತ್ರ ಅದಕ್ಕೆ ಬೇಕಾಗುವುದಕ್ಕಿಂತಲೂ ಕಡಿಮೆ ಪ್ರಯತ್ನ ಸಾಕೆನ್ನುತ್ತದೆ. ಉದ್ಯೋಗವನ್ನು ಮುಂದಿಟ್ಟುಕೊಂಡ ಸರ್ಕಾರಕ್ಕೆ ಎರಡೂ ಕಡಿಮೆಯೆನಿಸುತ್ತವೆ.

ಆದರೆ ನಿಜವಾದ ತೊಡಕಿರುವುದು ಕಾಲದಲ್ಲಿ. ನಾಳಿನ ನೂರು ರೂಪಾಯಿಯನ್ನು ಇಂದಿಗೆ ಎಷ್ಟು ಕಡಿಮೆಯೆಂದು ಎಣಿಸಬೇಕೆಂಬುದನ್ನು ಹೇಳುವ ‘ಸೋಡಿ ದರ’ವು ಮೀನಿನ ಬೆಳವಣಿಗೆಯ ದರವನ್ನು ಸಾಕಷ್ಟು ಮೀರಿದರೆ, ಇಡೀ ಸಂತತಿಯನ್ನು ಹಿಡಿದು ಮಾರಿ ಹಣವನ್ನು ಬಡ್ಡಿಗೆ ಹಾಕುವುದೇ ಲಾಭದಾಯಕವಾಗಬಹುದೆಂದು, ಕಡಲಿಗೆ ಒಬ್ಬನೇ ಒಡೆಯನಿದ್ದಾಗಲೂ ಇದು ಸಾಧ್ಯವೆಂದು, ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿಲ್ಲ, ನೀತಿಯ ತೀರ್ಮಾನವೊಂದು ಬರಿಯ ಅಂಕಿಯ ವೇಷದಲ್ಲಿ ಅದರೊಳಗೆ ಕುಳಿತಿದೆ. ಮುಂದಿನ ಸುಖವನ್ನು ಅದು ಮುಂದಿನದೆಂಬ ಕಾರಣಕ್ಕೇ ಕಡಿಮೆಯೆಣಿಸುವುದು ಸಮರ್ಥನೀಯವಲ್ಲವೆಂದು ಫ್ರಾಂಕ್ ರಾಮ್ಸೆ 1928ರಲ್ಲೇ ವಾದಿಸಿದ್ದರು.

ಇನ್ನೂ ಹುಟ್ಟದವರಿಗೆ ಹಕ್ಕು ಹೇಗೆ ಎಂಬ ಆಕ್ಷೇಪಕ್ಕೆ ಪಾಶ್ಚಾತ್ಯ ಚಿಂತನೆ ಬಹಳ ತಡಕಾಡಿದೆ. ಧರ್ಮಶಾಸ್ತ್ರಗಳ ಪಿತೃಋಣದ ಕಲ್ಪನೆಯಲ್ಲಿ ಸಾಲ ಕೊಟ್ಟವರು ಹಿಂದಿನವರು, ಅದು ತೀರುವುದು ಸಂತಾನದಿಂದ. ಆದ್ದರಿಂದ ಹಕ್ಕುದಾರ ಎದುರಿಗಿಲ್ಲದಿದ್ದರೂ ಹೊಣೆ ಉಳಿಯುತ್ತದೆ. ಆ ಕಲ್ಪನೆ ವಂಶಕ್ಕೆ ಸೀಮಿತವಾಗಿತ್ತು ನಿಜ, ಯಾರ ವಂಶಕ್ಕೂ ಸೇರದ ಕಡಲಿಗೆ ಅದನ್ನು ಹಿಗ್ಗಿಸುವುದು ಇಂದಿನವರ ಕೆಲಸ. ಆದರೂ ಬ್ಯಾಂಕಿನ ಸಾಲದಲ್ಲಿ ದೋಣಿ ಕೊಂಡವನಿಗೂ, ಹಿಡಿದ ಮೀನಿನ ಪಾಲೇ ಕೂಲಿಯಾದ ಕಲಾಸಿಗೂ ಈ ತಿಂಗಳ ಋಣವೇ ಮೊದಲಿನದು. ಅವರ ಅವಸರವನ್ನು ದುರಾಸೆಯೆನ್ನುವುದು ಅನ್ಯಾಯ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ನಾಡದೋಣಿಗಳಿಗೆ ವಿನಾಯಿತಿಯಿದೆ. ತ್ಯಾಗದ ಅವಧಿ ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ಇದು ಸಹನೀಯವಾಗಿದೆ. ಉಳಿದ ಹತ್ತು ತಿಂಗಳಲ್ಲಿ ಎಂಜಿನ್ನಿನ ಬಲ ಏರುತ್ತಲೇ ಹೋದರೆ ಮಾತ್ರ ಇದು ಏಕಾದಶಿಯ ಉಪವಾಸವನ್ನು ದ್ವಾದಶಿಯ ಊಟದಲ್ಲಿ ತೀರಿಸಿಕೊಂಡಂತೆ.

ಹಿಡಿಯುವ ಮೀನಿನ ಪ್ರಮಾಣದ ಕಡಿತವನ್ನು ಮುಂದೂಡುವುದೇ ದಯೆಯೆಂದು ತಿಳಿದ ಆಡಳಿತಕ್ಕೆ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆ ಉತ್ತರ. ವಿಜ್ಞಾನಿಗಳು ಹೇಳಿದಷ್ಟು ಕಡಿತವನ್ನು ಉದ್ಯೋಗದ ಹೆಸರಿನಲ್ಲಿ ಮಾಡದೆ ಉಳಿಸಿದ ಕೆನಡಾ ಸರ್ಕಾರ 1992ರ ಜುಲೈಯಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ದೊಡ್ಡ ಟ್ರಾಲರ್‌ಗಳಿಂದಾಗಿ ತಮ್ಮ ಬಲೆ ಬರಿದಾಗುತ್ತಿದೆಯೆಂದು 1980ರ ದಶಕದಲ್ಲೇ ದೂರಿದ್ದ ದಡದ ಸಣ್ಣ ಮೀನುಗಾರರೂ ಅವರಲ್ಲಿದ್ದರು.