ಹವ್ಯಾಸಿ ಕವಿ ಮತ್ತು ಪರಿಗ್ರಹ ಪರಿಮಾಣ

ಶ್ರಾವಕನು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದ ಬಾಹ್ಯ ವಸ್ತುಗಳಿಗೆ ಒಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ತಾನು ಬರೆಯುವ ಪದ್ಯಗಳಿಗೆ ಮಿತಿ ಹಾಕಿಕೊಂಡ ಶ್ರಾವಕರನ್ನು ಮಾತ್ರ ನಾನು ಕಂಡಿಲ್ಲ. ಪದ್ಯಕ್ಕೆ ತೂಕವಿಲ್ಲ, ತೆರಿಗೆಯಿಲ್ಲ, ಕಳ್ಳರ ಭಯವಿಲ್ಲ. ಆದಕಾರಣ ಅದು ಪರಿಗ್ರಹವೇ ಅಲ್ಲವೆಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪರರ ವಿಷಯವನ್ನು ಹೇಳುವುದಕ್ಕಿಂತ ನನ್ನದನ್ನೇ ಹೇಳುವುದು ಉಚಿತ. ವ್ಯಾಪಾರ ನನ್ನ ವೃತ್ತಿ. ಪದ್ಯರಚನೆ ನನ್ನ ಚಟ. ರಸೀದಿ ಪುಸ್ತಕದ ಹಿಂಬದಿಯ ಹಾಳೆಗಳೆಲ್ಲ ನನ್ನ ಚೌಪದಿಗಳಿಂದ ತುಂಬಿವೆ. ಸಿದ್ಧಾರ್ಥನಗರದಿಂದ ಕಾಣುವ ಚಾಮುಂಡಿ ಬೆಟ್ಟಕ್ಕೆ ದಿನಕ್ಕೊಂದು ಉಪಮೆ ಹುಡುಕದೆ ನನ್ನ ಬೆಳಗಿನ ನಡಿಗೆ ಮುಗಿಯುವುದಿಲ್ಲ. ಬಡಾವಣೆಯ ಹೆಸರು ಭಗವಾನ್ ಮಹಾವೀರರ ತಂದೆಯವರ ಹೆಸರೂ ಆಗಿರುವುದರಿಂದ ಆ ಹೆಸರಿನ ಮೇಲೆಯೇ ಮೂರು ಪದ್ಯಗಳನ್ನು ಕಟ್ಟಿದ್ದೇನೆ. ಬಂಧುಗಳ ವಿವಾಹಕ್ಕೆ, ಗೃಹಪ್ರವೇಶಕ್ಕೆ, ಬಸದಿಯ ಸ್ಮರಣ ಸಂಚಿಕೆಗೆ ಕೇಳದೆಯೇ ಪದ್ಯ ಒದಗಿಸುತ್ತೇನೆ. ದಸರಾ ಕವಿಗೋಷ್ಠಿಯ ಪಟ್ಟಿ ಪತ್ರಿಕೆಯಲ್ಲಿ ಬಂದಾಗ ಇರಲಾರದೆಂದು ತಿಳಿದೂ ನನ್ನ ಹೆಸರನ್ನು ಹುಡುಕುತ್ತೇನೆ. ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ 500 ಪ್ರತಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅಟ್ಟದ ಮೇಲಿವೆ. ಅಂಗಡಿಯಲ್ಲಿ ಹೀಗೆ ಸರಕು ಉಳಿದಿದ್ದರೆ ಎಂದೋ ಲೆಕ್ಕದಿಂದ ತೆಗೆದುಹಾಕುತ್ತಿದ್ದೆ.

ಕಾವ್ಯ ನಮ್ಮ ಧರ್ಮಕ್ಕೆ ಹೊರಗಿನದೇನೂ ಅಲ್ಲ. ಕನ್ನಡದ ರತ್ನತ್ರಯರೆನಿಸಿದ ಪಂಪ, ಪೊನ್ನ, ರನ್ನ ಮೂವರೂ ಜೈನರು. 941ರಲ್ಲಿ ಪಂಪನು ಆದಿಪುರಾಣವನ್ನು ರಚಿಸಿದನು. ರನ್ನನು ಬಳೆಗಾರರ ಕುಲದಲ್ಲಿ ಹುಟ್ಟಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಹೀಗಿರುವಾಗ ವ್ಯಾಪಾರಿಯೊಬ್ಬನು ಪದ್ಯ ಬರೆದರೆ ದೋಷವೇನು? ಇಸ್ಪೀಟು, ಪರನಿಂದೆಗಳಿಗಿಂತ ಇದು ಮೇಲಲ್ಲವೇ? ಇಷ್ಟು ವರ್ಷ ನಾನೂ ಹೀಗೆಯೇ ವಾದಿಸುತ್ತಿದ್ದೆ.

ಆ ವಾದವನ್ನು ಕೈಬಿಡಲು ಕಾರಣವಾದ ಸಂಗತಿಯನ್ನು ಇದುವರೆಗೆ ಯಾರಲ್ಲಿಯೂ ಹೇಳಿಲ್ಲ. ನನ್ನ ಅಣ್ಣನವರು ಅಂತ್ಯಕಾಲದಲ್ಲಿದ್ದಾಗ ಅವರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾ ಕುಳಿತಿದ್ದೆ. ತಲೆಯ ಬಳಿ ದೀಪವಿತ್ತು. ಆ ದೀಪವನ್ನು ಕುರಿತು ಒಂದು ಸಾಲು ಹೊಳೆಯಿತು. ನಾಲಗೆ ಮಂತ್ರ ಹೇಳುತ್ತಿತ್ತು. ಮನಸ್ಸು ಮಾತ್ರೆಗಳನ್ನು ಎಣಿಸುತ್ತಿತ್ತು. ಸಾಲು ಮರೆತುಹೋದೀತೆಂದು ಹೆದರಿ ಪೆನ್ಸಿಲಿಗಾಗಿ ಪಕ್ಕದ ಕೋಣೆಗೆ ಎದ್ದುಹೋದೆ. ಹಿಂದಿರುಗಿ ಬಂದಾಗ ಅಣ್ಣನವರ ಉಸಿರು ನಿಂತಿತ್ತು. ಮುಂದೆ ಆ ಸಾಲಿನಿಂದ ಆರಂಭವಾಗುವ ಚರಮಗೀತೆ ಅಚ್ಚಾಯಿತು. ಓದಿದವರು ಕಣ್ಣೀರಿಟ್ಟೆವೆಂದರು. ಆ ಪ್ರಶಂಸೆಯನ್ನು ನಾನು ತಲೆ ತಗ್ಗಿಸಿ ಸ್ವೀಕರಿಸಿದೆ. ಜನರು ಅದನ್ನು ವಿನಯವೆಂದು ತಿಳಿದರು.

ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಗುರುತಿಸಿದ್ದಾರೆ. ಹದಿನಾಲ್ಕು ಅಂತರಂಗ ಪರಿಗ್ರಹಗಳಲ್ಲಿ ಮಾನವೂ ಲೋಭವೂ ಸೇರಿವೆ. 48 ನಿಮಿಷಗಳ ಸಾಮಾಯಿಕದಲ್ಲಿ ಮನಸ್ಸು ಅನ್ಯತ್ರ ಹರಿದರೆ ಅದು ಅತಿಚಾರ. ಹರಿದದ್ದು ಅಂಗಡಿಯ ಲೆಕ್ಕಕ್ಕೋ ಪ್ರಾಸಕ್ಕೋ ಎಂಬುದರಿಂದ ದೋಷ ಕಡಿಮೆಯಾಗುವುದಿಲ್ಲ. ಜಿನಸ್ತುತಿಯನ್ನು ಬರೆದೆವೆಂದು ಸಮಾಧಾನ ಪಡುವವರೂ ಒಮ್ಮೆ ತಮ್ಮನ್ನು ಪರೀಕ್ಷಿಸಿಕೊಳ್ಳಲಿ: ಕೇಳಿದವರು ಜಿನನನ್ನು ನೆನೆದರೆ ನಮಗೆ ಹೆಚ್ಚು ಸಂತೋಷವೋ, ಪದ್ಯವನ್ನು ಹೊಗಳಿದರೆ ಹೆಚ್ಚು ಸಂತೋಷವೋ? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಅಕ್ಷರಗಳಿವೆ. ಅವು ರನ್ನನ ಹಸ್ತಾಕ್ಷರವೆಂದು ವಿದ್ವಾಂಸರು ಬಗೆದಿದ್ದಾರೆ. ಸಲ್ಲೇಖನದಿಂದ ದೇಹವನ್ನೇ ತ್ಯಜಿಸಿದ ಮುನಿಗಳ ಬೆಟ್ಟದಲ್ಲಿ ಮಹಾಕವಿಗೂ ಹೆಸರನ್ನು ಬಿಡಲಾಗಲಿಲ್ಲವೆಂದರೆ ನಮ್ಮಂಥವರ ಪಾಡೇನು?

ಹಾಗಾದರೆ ಬರೆಯುವುದನ್ನೇ ಬಿಡಬೇಕೇ? ಅಣುವ್ರತವು ಸರ್ವತ್ಯಾಗವನ್ನು ಕೇಳುವುದಿಲ್ಲ, ಮಿತಿಯನ್ನು ಕೇಳುತ್ತದೆ. ಇಲ್ಲಿ ರನ್ನನ ಆಶ್ರಯದಾತೆಯಾದ ದಾನಚಿಂತಾಮಣಿ ಅತ್ತಿಮಬ್ಬೆ ನಮಗೆ ದಾರಿ ತೋರುತ್ತಾಳೆ. ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಮಾಡಿಸಿ ಆಕೆ ಹಂಚಿದಳೆಂದು ಪ್ರಸಿದ್ಧಿಯಿದೆ. ಆ ಕಾವ್ಯ ಆಕೆಯದಲ್ಲ. ಇನ್ನೊಬ್ಬರ ಮಾತು ಉಳಿಯಲೆಂದು ಧನವನ್ನು ವ್ಯಯಿಸಿದ ಆ ಶಾಸ್ತ್ರದಾನದಲ್ಲಿ ಕಾವ್ಯಪ್ರೀತಿ ಪೂರ್ಣವಾಗಿತ್ತು, ಮಮತ್ವವಿರಲಿಲ್ಲ. ನಾವು ಹವ್ಯಾಸಿಗಳು ನಮ್ಮದನ್ನು ಕೇಳಿಸಲು ಆತುರಪಡುವಷ್ಟು ಪರರದನ್ನು ಓದಲು ಆತುರಪಡುವುದಿಲ್ಲ.

ಈಗ ನಾನು ಮೂರು ನಿಯಮಗಳನ್ನು ಪಾಲಿಸುತ್ತಿದ್ದೇನೆ. ಪದ್ಯ ಬರೆಯುವುದು ಭಾನುವಾರ ಮಾತ್ರ. ನನ್ನದೊಂದನ್ನು ಓದಿ ಹೇಳುವ ಮೊದಲು ಪ್ರಾಚೀನ ಕಾವ್ಯದ ಹತ್ತು ಪದ್ಯಗಳನ್ನು ಅರ್ಥಸಹಿತ ಓದಬೇಕು. ಎರಡನೆಯ ಸಂಕಲನಕ್ಕೆಂದು ಎತ್ತಿಟ್ಟ ಹಣ ಬಸದಿಯ ಗ್ರಂಥಭಂಡಾರಕ್ಕೆ ಸಲ್ಲಬೇಕು. ಮೂರನೆಯದು ಸುಲಭವಾಯಿತು. ಮೊದಲನೆಯದು ವಾರಕ್ಕೆರಡು ಬಾರಿಯಾದರೂ ಮುರಿಯುತ್ತದೆ; ಪ್ರತಿಕ್ರಮಣದಲ್ಲಿ ಅದನ್ನು ಒಪ್ಪಿಕೊಳ್ಳುತ್ತೇನೆ.

ಅಣ್ಣನವರ ಚರಮಗೀತೆಯನ್ನು ಮತ್ತೆಲ್ಲಿಯೂ ಓದಿಲ್ಲ. ಧರ್ಮಬಂಧುಗಳು ಯಾರಾದರೂ ರೋಗಿಯ ಬಳಿ ಕುಳಿತಿರುವಾಗ ಒಳ್ಳೆಯ ಸಾಲೊಂದು ಹೊಳೆದರೆ ಅದು ಮರೆತುಹೋಗಲಿ ಎಂದು ಬಿಟ್ಟುಬಿಡಿ. ಆ ನಷ್ಟವನ್ನು ಸಹಿಸಬಹುದು.